ಜಾವಾದ ಹಳೆಯ ಗೋಲೋಕ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕೆಲಸದ ಮೇಲೆ ನಾನು ಇಂಡೋನೇಷ್ಯಾದ ಜಾವಾ ದ್ವೀಪದ ಬಾಂಡುಂಗ್ ಊರಿನಲ್ಲಿ ಮೂರು ವರ್ಷ ಇದ್ದೆ. ಅಲ್ಲಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಭಾನುವಾರ ಎರಡು ಗೋಲೋಕ್, ಅಂದರೆ ಅಲ್ಲಿನ ಕತ್ತಿ, ಅಕ್ಕಪಕ್ಕ ಇಟ್ಟಿದ್ದರು. ಒಂದು ಥಳಥಳ ಹೊಳೆಯುತ್ತಿತ್ತು. ಅಲಗಿನ ಮೇಲೆ ಬಳ್ಳಿ, ಹೂವು, ಊರಿನ ಹೆಸರು, ಅದರ ಕೆಳಗೆ 1928 ಅಂತ ಇಸವಿ. ಇನ್ನೊಂದು ಕಪ್ಪಗಿತ್ತು. ಅಲಗಿನ ಮೇಲೆ ಒಂದಕ್ಷರ ಇರಲಿಲ್ಲ. ಎಮ್ಮೆ ಕೊಂಬಿನ ಹಿಡಿಯನ್ನು ಒಂದು ಕಡೆ ಹುಳ ತಿಂದಿತ್ತು. ಮರದ ಒರೆಗೆ ಬೆತ್ತ ಸುತ್ತಿದ್ದರು, ಅದೂ ಅರ್ಧ ಬಿಚ್ಚಿಕೊಂಡಿತ್ತು. ನಾನು ಹೊಳೆಯುವುದನ್ನು ಮನೆಗೆ ತಂದೆ.

ಎರಡು ತಿಂಗಳ ಮೇಲೆ ಅದು ಹೊಸ ಮಾಲು ಅಂತ ಗೊತ್ತಾಯಿತು. ಹೇಗೆ ಗೊತ್ತಾಯಿತು ಅನ್ನುವುದನ್ನು ಮುಂದೆ ಹೇಳುತ್ತೇನೆ. ಮತ್ತೆ ಆ ಅಂಗಡಿಗೆ ಹೋದಾಗ ಕಪ್ಪು ಗೋಲೋಕ್ ಯಾರದ್ದೋ ಪಾಲಾಗಿತ್ತು. ಅದು ಇವತ್ತಿಗೂ ನನ್ನ ಕಣ್ಣ ಮುಂದಿದೆ. ಆಮೇಲೆ ನಾಲ್ಕಾರು ಒಳ್ಳೆಯವು ಸಿಕ್ಕವು. ನೂರಾರು ಗೋಲೋಕ್‌ಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಅಷ್ಟರಿಂದ ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳಬೇಕೆಂದರೆ ಹೀಗೆ: ಅಲಗು, ಹಿಡಿ, ಒರೆ ಈ ಮೂರೂ ಒಟ್ಟಿಗೆ ಮುದಿಯಾಗಿವೆಯೇ ಅಂತ ನೋಡಿ. ಅಲಗಿನ ಮೇಲಿನ ಬರಹ, ಹೊಳಪು, ಅಂಗಡಿಯವರು ಹೇಳುವ ಕಥೆ, ಇವೆಲ್ಲ ಆಮೇಲೆ.

ಗೋಲೋಕ್ ಅಂದರೆ ಏನು

ಗೋಲೋಕ್ ಪಶ್ಚಿಮ ಜಾವಾದ ಕತ್ತಿ. ಅಲ್ಲಿನ ಸುಂಡಾ ಭಾಷೆಯವರು ಇದನ್ನೇ ಬೆದೋಗ್ ಅನ್ನುತ್ತಾರೆ. ಒಂದೇ ಕಡೆ ಬಾಯಿ, ದಪ್ಪ ಬೆನ್ನು, ಸಾಮಾನ್ಯವಾಗಿ 25ರಿಂದ 40 ಸೆಂಟಿಮೀಟರ್ ಉದ್ದದ ಅಲಗು. ಬಿದಿರು ಸೀಳಲು, ಎಳನೀರು ಕೆತ್ತಲು, ಸೌದೆ ಒಡೆಯಲು, ಗದ್ದೆಗೆ ಹೋಗುವಾಗ ದಾರಿಯ ಪೊದೆ ಸವರಲು ಎಲ್ಲಕ್ಕೂ ಇದೇ. ಹೊತ್ತು ಬಂದರೆ ಸೊಂಟದಲ್ಲಿದ್ದದ್ದು ಕಾವಲಿಗೂ ಆಗುತ್ತಿತ್ತು. ನಮ್ಮ ಮಲೆನಾಡಿನ ಕತ್ತಿಗೆ ತುದಿಯಲ್ಲಿ ಕೊಕ್ಕೆ ಇರುತ್ತದಲ್ವಾ, ಗೋಲೋಕ್‌ಗೆ ಅದಿಲ್ಲ. ಮತ್ತೆ ನಮ್ಮವರು ಕತ್ತಿಯನ್ನು ಸೊಂಟದ ಕೊಕ್ಕೆಗೆ ಬರಿದಾಗಿ ಸಿಕ್ಕಿಸುತ್ತಾರೆ, ಅವರು ಒರೆಗೆ ಹಾಕಿ ಕಟ್ಟಿಕೊಳ್ಳುತ್ತಾರೆ. ಒರೆಯಿಲ್ಲದ ಗೋಲೋಕ್ ಅರ್ಧ ಗೋಲೋಕ್.

ಜಾವಾ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕ್ರಿಸ್ ಎಂಬ ಕಠಾರಿ. 2005ರಲ್ಲಿ ಯುನೆಸ್ಕೋ ಅದಕ್ಕೆ ಮನ್ನಣೆ ಕೊಟ್ಟಿತು. ಅದರ ಬಗ್ಗೆ ಶಾಸ್ತ್ರವಿದೆ, ವಂಶಾವಳಿಯಿದೆ. ಗೋಲೋಕ್ ಅಡುಗೆಮನೆಯ ಗೋಡೆಗೆ ತೂಗಿ ಹಾಕಿದ ವಸ್ತು. ಹಾಗಾಗಿ ಅದರ ಬಗ್ಗೆ ಬರೆದಿಟ್ಟದ್ದು ಕಡಿಮೆ. ಕೊಳ್ಳುವವರಿಗೆ ಅಲ್ಲೇ ಕಷ್ಟ. ಆದರೆ ನನಗೆ ಅದೇ ಹಿಡಿಸಿದ್ದು. ಒಬ್ಬ ರೈತ 30 ವರ್ಷ ದಿನಾ ಹಿಡಿದ ಹಿಡಿಯಲ್ಲಿ ಅವನ ಹೆಬ್ಬೆರಳಿನ ಗುರುತು ಹಾಗೇ ಉಳಿದಿರುತ್ತದೆ. ಅದನ್ನು ಹಿಡಿದಾಗ ಆಗುವ ಸಂತೋಷ ಬೇರೆಯೇ.

ಅಂಗಡಿಯಲ್ಲಿ ಮಾತಾಡಲು ನಾಲ್ಕು ಹೆಸರು ಗೊತ್ತಿದ್ದರೆ ಒಳ್ಳೆಯದು. ಅಲಗಿಗೆ ವಿಲಾ, ಹಿಡಿಗೆ ಪೆರಾ, ಒರೆಗೆ ಸರಂಕಾ ಅನ್ನುತ್ತಾರೆ. ಹಿಡಿಯೊಳಗೆ ಹೋಗುವ ಅಲಗಿನ ಬಾಲ ಪಕ್ಸಿ. ಒರೆಯ ಬಾಯಿಗೆ ಕೂರಿಸಿದ ಕೊಂಬಿನ ತುಂಡು ಸೋಪಾಕ್. ಒರೆಯ ಒಂದು ಮಗ್ಗುಲಲ್ಲಿ ಉಬ್ಬಿದ ಸಣ್ಣ ದಿಣ್ಣೆ ಇರುತ್ತದೆ, ಸೊಂಟದ ದಾರ ಸಿಕ್ಕಿಸುವ ಜಾಗ. ಅದಕ್ಕೆ ಅವರು ಇಟ್ಟ ಹೆಸರು ಸಿಮೆಯುತ್ ಮೆಯುತಿಂಗ್, ಅಂದರೆ ರಾತ್ರಿ ತಂಗಿದ ಮಿಡತೆ. ನೋಡಿದರೆ ಹಾಗೇ ಕಾಣುತ್ತದೆ. ಕಂದು ಮರದ ಮೇಲೆ ಒಂದು ಮಿಡತೆ ಅಲುಗಾಡದೆ ಕೂತ ಹಾಗೆ.

ಹಿಡಿಗಳ ಆಕಾರಕ್ಕೂ ಹೆಸರುಗಳಿವೆ. ಜೆಬುಗ್ ಅನ್ನುವ ಹಿಡಿ ಮೊದಲ ಸಲ ಕೈಗೆ ಬಂದಾಗ ನನಗೆ ಮನೆಯ ನೆನಪಾಯಿತು. ಜೆಬುಗ್ ಅಂದರೆ ಸುಂಡಾ ಭಾಷೆಯಲ್ಲಿ ಬಲಿತ ಅಡಿಕೆ. ಹಿಡಿಯ ತುದಿ ಗೋಟಡಿಕೆಯ ಹಾಗೆ ದುಂಡಗೆ ಉಬ್ಬಿರುತ್ತದೆ, ಬೀಸಿದಾಗ ಕೈ ಜಾರದಂತೆ ತಡೆಯುತ್ತದೆ. ಅಲಗಿನ ಆಕಾರಗಳಲ್ಲಿ ಸಲಾಮ್ ನುಂಗಾಲ್ ಅಂತ ಒಂದು. ಅಂದರೆ ಒಂಟಿ ಸಲಾಮ್ ಎಲೆ. ಸಲಾಮ್ ಅಲ್ಲಿನ ಅಡುಗೆಗೆ ಹಾಕುವ ಸೊಪ್ಪು, ನಮ್ಮ ನೇರಳೆಯ ಬಳಗದ ಮರ. ಅಲಗು ಎಲೆಯ ಹಾಗೆ ನಡುವೆ ಹೊಟ್ಟೆ ಬಿಟ್ಟುಕೊಂಡು ತುದಿಗೆ ಚೂಪಾಗುತ್ತದೆ.

ಊರಿಂದ ಊರಿಗೆ

ಕೊಳ್ಳಲು ಹೊರಟವರ ಮುಂದೆ ಬರುವುದು ಹೆಚ್ಚಾಗಿ ನಾಲ್ಕೈದು ಊರಿನ ಮಾಲು.

ಮೊದಲನೆಯದು ಚಿಕೆರುಹ್. ಸುಮೆದಾಂಗ್ ಜಿಲ್ಲೆಯಲ್ಲಿ, ಬಾಂಡುಂಗ್‌ನಿಂದ ಪೂರ್ವಕ್ಕೆ, ಜಾತಿನಾಂಗೋರ್ ಪಕ್ಕ ಇರುವ ಜಾಗ. ಡಚ್ಚರ ಕಾಲದಲ್ಲಿ ಇಲ್ಲಿನ ಕಮ್ಮಾರರು ಅಲಂಕಾರದ ಗೋಲೋಕ್‌ಗೆ ಹೆಸರು ಮಾಡಿದ್ದರು. ಅಲಗಿನ ಮೇಲೆ ಹೂಬಳ್ಳಿ ಕೊರೆದು, ಊರಿನ ಹೆಸರು ಹಾಕಿ, ಕೆಲವೊಮ್ಮೆ ಇಸವಿಯನ್ನೂ ಬರೆಯುತ್ತಿದ್ದರು. ಕೈಯಲ್ಲಿ ಕಾಸಿದ್ದ ಡಚ್ಚರೂ ಊರ ದೊಡ್ಡವರೂ ಕೊಳ್ಳುತ್ತಿದ್ದರು. ಅಸಲಿ ಚಿಕೆರುಹ್ ಸಿಕ್ಕರೆ ಅದು ತುಂಬಾ ಚೆಲುವಾದ ವಸ್ತು. ಆದರೆ ನಕಲು ಜಾಸ್ತಿ ಬರುವುದೂ ಇದರಲ್ಲೇ. ಬರಹ ಇದ್ದರೆ ಬೆಲೆ ಏರುತ್ತದೆ, ಬರಹ ಕೊರೆಯುವುದು ಸುಲಭ.

ಎರಡನೆಯದು ಬಾಂತೆನ್ ಸೀಮೆಯ ಚಿಯೋಮಾಸ್. ಜಾವಾದ ಪಶ್ಚಿಮ ತುದಿ, ಸೆರಾಂಗ್ ಜಿಲ್ಲೆ. ಇಲ್ಲಿನ ಗೋಲೋಕ್‌ಗೆ ಜನರಲ್ಲಿ ಭಕ್ತಿಯೇ ಇದೆ. ಪ್ರವಾದಿಯವರ ಹುಟ್ಟಿದ ತಿಂಗಳಾದ ಮೌಲಿದ್‌ನಲ್ಲಿ, ಡೆನೋಕ್ ಎಂದು ಹೆಸರಿಟ್ಟ ತಲೆಮಾರಿನ ಸುತ್ತಿಗೆಯಿಂದ ಬಡಿದರೆ ಮಾತ್ರ ಅದು ಚಿಯೋಮಾಸ್ ಅನ್ನುವ ನಂಬಿಕೆ ಅಲ್ಲಿದೆ. ನೋಡಲು ಸಾದಾ. ಅಲಗಿನಲ್ಲಿ ಅಲಂಕಾರ ಕಡಿಮೆ. ಅದರ ಬೆಲೆಯ ಬಹುಪಾಲು ನಂಬಿಕೆಯದ್ದು. ಆ ನಂಬಿಕೆಯನ್ನು ನಾನು ಗೌರವಿಸುತ್ತೇನೆ. ಆದರೆ ಮನೆತನದ ಮೂಲ ಗೊತ್ತಿಲ್ಲದೆ, ಅಂಗಡಿಯಲ್ಲಿ ಸುಮ್ನೆ ಚಿಯೋಮಾಸ್ ಅಂತ ಹೆಸರು ಹೇಳಿ ಮಾರುವುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಹೆಸರನ್ನು ಕಣ್ಣಿನಿಂದ ಪರೀಕ್ಷೆ ಮಾಡಲು ಆಗುವುದಿಲ್ಲ.

ಮೂರನೆಯದು ಸುಕಬೂಮಿ ಜಿಲ್ಲೆಯ ಚಿಬಾತು. ಇವತ್ತಿಗೂ ಕುಲುಮೆ ಉರಿಯುವ ಊರು. ಹಳೆಯವೂ ಸಿಗುತ್ತವೆ, ಹೊಸವೂ ಸಿಗುತ್ತವೆ. ಮಾಡಿದವನ ಹೆಸರೋ ಊರಿನ ಹೆಸರೋ ಅಲಗಿನ ಮೇಲೆ ಇರುವುದುಂಟು. ಮೊದಲ ಗೋಲೋಕ್ ಕೊಳ್ಳುವವರಿಗೆ ನಾನು ಹೇಳುವುದು ಇದನ್ನೇ. ಮಾಲು ಹೇರಳ, ಹೋಲಿಸಿ ನೋಡಲು ಬೇಕಾದಷ್ಟು ಸಿಗುತ್ತದೆ, ಬೆಲೆಯೂ ತಲೆ ತಿರುಗಿಸುವುದಿಲ್ಲ.

ನಾಲ್ಕನೆಯದು ಬೆತಾವಿ, ಅಂದರೆ ಜಕಾರ್ತದ ಮೂಲ ಜನರ ಗೋಲೋಕ್. ಅವರು ಮನೆಗೆಲಸದ ಗೋಲೋಕ್‌ಗೆ ಗಬ್ಲೋಂಗಾನ್ ಅನ್ನುತ್ತಾರೆ, ಸೊಂಟಕ್ಕೆ ಕಟ್ಟುವುದಕ್ಕೆ ಸೊರೆನಾನ್ ಅನ್ನುತ್ತಾರೆ. ತುದಿ ಕೆಳಗೆ ಬಾಗಿದ್ದು ಉಜುಂಗ್ ತುರುನ್. ಸಿಲಾತ್ ಎಂಬ ಕಾಳಗದ ಕಲೆಗೂ ಇದಕ್ಕೂ ನಂಟು. ಡಚ್ಚರನ್ನು ಎದುರು ಹಾಕಿಕೊಂಡ ಬೆತಾವಿ ಬಂಟ ಸಿ ಪಿತುಂಗ್ 1893ರಲ್ಲಿ ಸತ್ತ. ಅವನ ಕಥೆ ಅಲ್ಲಿ ಇನ್ನೂ ಬಿಸಿಯಾಗಿದೆ. ಯಾರಾದರೂ ಒಂದು ಗೋಲೋಕ್ ತೋರಿಸಿ ಅವನ ಹೆಸರು ಎತ್ತಿದರೆ ಕಥೆ ಕೇಳಿ, ಚಹಾ ಕುಡಿದು, ಅಲ್ಲಿಂದ ಎದ್ದು ಬನ್ನಿ.

ತಾಸಿಕ್ಮಲಾಯ ಕಡೆಯ ಗಲೋಂಗ್ಗೋಂಗ್ ಕೂಡ ಹೆಸರಾದದ್ದು. ಬಾಂಡುಂಗ್‌ನ ದಕ್ಷಿಣದ ಚಿವಿದೆಯ್‌ನಲ್ಲಿ ಪ್ರವಾಸಿಗಳಿಗೆ ಹುಲಿಯ ತಲೆ, ಹದ್ದಿನ ತಲೆ ಕೆತ್ತಿದ ಹಿಡಿಯ ಚಾಕು, ಗೋಲೋಕ್ ರಾಶಿ ಬಿದ್ದಿರುತ್ತವೆ. ಉಡುಗೊರೆಗೆ ಆಗುತ್ತವೆ, ಹಳೆಯದರ ಹುಡುಕಾಟಕ್ಕೆ ಆಗುವುದಿಲ್ಲ.

ಇವೆಲ್ಲ ಬಿಟ್ಟು ಇನ್ನೊಂದು ಜಾತಿಯಿದೆ. ಊರಿನ ಹೆಸರೂ ಇಲ್ಲ, ಕಮ್ಮಾರನ ಹೆಸರೂ ಇಲ್ಲ. ಯಾವುದೋ ಹಳ್ಳಿಯ ಪಾಂಡಾಯ್, ಅಂದರೆ ಕಮ್ಮಾರ, ಪಕ್ಕದ ಮನೆಯವರಿಗೆ ಮಾಡಿಕೊಟ್ಟ ಬೆದೋಗ್. ನನ್ನನ್ನು ಕೇಳಿದರೆ ಹಣಕ್ಕೆ ತಕ್ಕ ಬೆಲೆ ಸಿಗುವುದು ಇದರಲ್ಲಿ. ನಕಲು ಮಾಡುವವರಿಗೆ ಇದರಲ್ಲಿ ಲಾಭವಿಲ್ಲ, ಹಾಗಾಗಿ ಕಣ್ಣಿಗೆ ಕಂಡದ್ದು ಬಹುಪಾಲು ನಿಜವೇ ಆಗಿರುತ್ತದೆ.

ಅಕ್ಷರ ಹೇಳುವ ಸಾಕ್ಷಿ

ಈಗ ನನ್ನ 1928ರ ವಿಷಯಕ್ಕೆ ಬರುತ್ತೇನೆ. ಅಲಗಿನ ಮೇಲೆ ಬರಹ ಇದ್ದರೆ ಕಾಗುಣಿತವನ್ನು ಒಂದೊಂದೇ ಅಕ್ಷರವಾಗಿ ನೋಡಿ. ಡಚ್ಚರ ಕಾಲದ ಇಂಗ್ಲಿಷ್ ಲಿಪಿಯ ಬರವಣಿಗೆಯಲ್ಲಿ 'ಚ' ಶಬ್ದಕ್ಕೆ ಟಿ ಮತ್ತು ಜೆ ಎರಡಕ್ಷರ ಬರೆಯುತ್ತಿದ್ದರು. 'ಉ' ಶಬ್ದಕ್ಕೆ ಓ ಮತ್ತು ಇ. ಸ್ವತಂತ್ರ ಇಂಡೋನೇಷ್ಯಾ 1947ರ ಮಾರ್ಚ್‌ನಲ್ಲಿ ಓ-ಇ ತೆಗೆದು ಯು ಅಕ್ಷರ ತಂದಿತು. ಟಿ-ಜೆ ಹಾಗೇ ಉಳಿಯಿತು. 1972ರ ಆಗಸ್ಟ್‌ನಲ್ಲಿ ಟಿ-ಜೆ ಕೂಡ ಹೋಗಿ ಬರೀ ಸಿ ಬಂತು.

ಹಾಗಾಗಿ ಒಂದೇ ಊರಿನ ಹೆಸರು ಮೂರು ಕಾಲದಲ್ಲಿ ಮೂರು ರೀತಿ. ಟಿ-ಜೆ ಮತ್ತು ಓ-ಇ ಎರಡೂ ಇದ್ದರೆ ಬರಹ ಡಚ್ಚರ ಕಾಲದ್ದು. ಟಿ-ಜೆ ಇದೆ, ಆದರೆ 'ಉ'ಗೆ ಯು ಇದೆ ಅಂದರೆ 1947 ಮತ್ತು 1972ರ ನಡುವಿನದು. ಸಿ ಇದ್ದರೆ 1972ರ ಈಚಿನದು. ಸುಕಬೂಮಿಗೂ ಇದೇ ಲೆಕ್ಕ. ಹಳೆಯ ಬರಹದಲ್ಲಿ ಎರಡು ಕಡೆ ಓ-ಇ ಬರುತ್ತದೆ, ಹೊಸದರಲ್ಲಿ ಎರಡು ಕಡೆ ಯು.

ನಾನು ತಂದ ಗೋಲೋಕ್‌ನಲ್ಲಿ ಟಿ-ಜೆ ಇತ್ತು. ಅದನ್ನು ನೋಡಿಯೇ ಹಳೆಯದು ಅಂತ ನಂಬಿದ್ದೆ. ಒಂದು ಸಂಜೆ ಭೂತಗನ್ನಡಿ ಹಿಡಿದು ಕೂತಾಗ ಚಿಕೆರುಹ್ ಎಂಬ ಹೆಸರಿನ 'ರು' ಇರುವ ಕಡೆ ಯು ಅಕ್ಷರ ಕಂಡಿತು. ಕೆಳಗೆ 1928. ಇಸವಿ ಒಂದು ಹೇಳುತ್ತಿದೆ, ಕಾಗುಣಿತ ಇನ್ನೊಂದು ಹೇಳುತ್ತಿದೆ. ಕಮ್ಮಾರ ತಪ್ಪು ಬರೆದಿರಬಹುದಲ್ಲ ಅಂತ ಮನಸ್ಸು ಸಮಾಧಾನ ಹೇಳಿತು. ಆದರೆ ಹಿಡಿ ಬಿಚ್ಚಿದಾಗ ಒಳಗಿನ ಬಾಲ ಹೊಸ ಉಕ್ಕಿನ ಬಿಳುಪಿನಲ್ಲಿತ್ತು, ಗ್ರೈಂಡರ್ ಗೀರು ಸಾಲಾಗಿ ಕಾಣುತ್ತಿತ್ತು. ಅಲ್ಲಿಗೆ ಮಾತು ಮುಗಿಯಿತು.

ಒಂದು ಎಚ್ಚರಿಕೆ. ಹೊಸ ಕಾಗುಣಿತ ಇದ್ದು ಹಳೆಯ ಇಸವಿ ಇದ್ದರೆ ಅನುಮಾನ ಪಡಲು ಕಾರಣವಿದೆ. ಆದರೆ ಹಳೆಯ ಕಾಗುಣಿತ ಇದೆ ಅಂತ ಮಾತ್ರಕ್ಕೆ ವಸ್ತು ಹಳೆಯದಾಗುವುದಿಲ್ಲ. ಈ ಲೆಕ್ಕ ಗೊತ್ತಿರುವವರು ನಕಲನ್ನೂ ಸರಿಯಾಗಿಯೇ ಬರೆಯುತ್ತಾರೆ. ಇನ್ನು ಕೆಲವರು ಹೆಸರನ್ನು ಹಳೆಯ ರೀತಿಯಲ್ಲೇ ಬರೆಯುವ ಅಭ್ಯಾಸವನ್ನು 1972ರ ನಂತರವೂ ಬಿಡಲಿಲ್ಲ. ಬರಹ ಕೊರೆದ ಗೀರಿನೊಳಗೆ ನೋಡಿ. ಅಲಗಿನ ಮೈಯಷ್ಟೇ ಕಪ್ಪು ಗೀರಿನ ತಳದಲ್ಲೂ ಇರಬೇಕು. ಹಳೆಯ ತುಕ್ಕುಗುಳಿಯ ಮೇಲೆ ಅಕ್ಷರ ಹಾದುಹೋಗಿದ್ದು, ಗುಳಿಯೊಳಗೂ ಚೊಕ್ಕವಾಗಿ ಇಳಿದಿದ್ದರೆ ಅಕ್ಷರ ತುಕ್ಕಿಗಿಂತ ಈಚಿನದು.

ಅಲಗು: ಕಬ್ಬಿಣದ ನಡುವಿನ ಉಕ್ಕು

ಹಿಂದೆ ಉಕ್ಕು ದುಬಾರಿ. ಕಮ್ಮಾರ ಅದನ್ನು ಬಾಯಿಗೆ ಮಾತ್ರ ಬಳಸುತ್ತಿದ್ದ. ಎರಡು ಮೆತ್ತನೆಯ ಕಬ್ಬಿಣದ ಪಟ್ಟಿಗಳ ನಡುವೆ ಉಕ್ಕಿನ ತೆಳು ಪಟ್ಟಿ ಇಟ್ಟು, ಕಾಯಿಸಿ, ಬಡಿದು ಒಂದು ಮಾಡುತ್ತಿದ್ದ. ಬಾಯಿ ಗಟ್ಟಿ, ಮೈ ಮೆತ್ತಗೆ. ಹಾಗಾಗಿ ಪೆಟ್ಟು ತಡೆದುಕೊಳ್ಳುತ್ತಿತ್ತು. ಮೋಟಾರು ಗಾಡಿಗಳು ಬಂದ ಮೇಲೆ ಅವುಗಳ ಸ್ಪ್ರಿಂಗ್ ಪ್ಲೇಟ್ ಸಿಗತೊಡಗಿತು. ನಮ್ಮೂರ ಕುಲುಮೆಯಲ್ಲೂ ಜೀಪಿನ ಪ್ಲೇಟಿನ ಕತ್ತಿಯೇ ತಾನೇ? ಪ್ಲೇಟಿನ ಅಲಗಿಗೆ ಬೆನ್ನಿಂದ ಬಾಯಿತನಕ ಒಂದೇ ಉಕ್ಕು.

ಈ ಎರಡರ ಭೇದ ಕಣ್ಣಿಗೆ ಕಾಣುತ್ತದೆ. ಅಲಗನ್ನು ಎಣ್ಣೆಬಟ್ಟೆಯಿಂದ ಒರೆಸಿ. ಕಿಟಕಿಯ ಬಳಿ ಹಿಡಿದು ನಿಧಾನವಾಗಿ ಓರೆ ಮಾಡಿ. ಬಾಯಿಯಿಂದ ಸ್ವಲ್ಪ ಮೇಲೆ ಒಂದು ಗೆರೆ ಹಾದುಹೋಗಿದ್ದು ಕಂಡರೆ ಖುಷಿಪಡಿ. ಗೆರೆಯ ಕೆಳಗೆ ಉಕ್ಕು ಒಂದು ಬಣ್ಣ, ಮೇಲೆ ಕಬ್ಬಿಣ ಇನ್ನೊಂದು ಬಣ್ಣ. ಗೆರೆ ನೇರವಾಗಿ ಇರುವುದಿಲ್ಲ, ಸುತ್ತಿಗೆ ಬಿದ್ದ ಹಾಗೆ ಏರಿ ಇಳಿದಿರುತ್ತದೆ. ಕೆಲವು ಅಲಗಿನ ಬೆನ್ನಿನಲ್ಲೂ ಉದ್ದಕ್ಕೆ ಎಳೆ ಎಳೆಯಾಗಿ ಬೆಸುಗೆಯ ಸಾಲು ಕಾಣುತ್ತದೆ. ಬೀಟೆ ಮರದ ಎಳೆ ನೋಡಿದ ಹಾಗೆ.

ಬೆನ್ನಿನ ಮೇಲೆ ಹೆಬ್ಬೆರಳು, ತೋರುಬೆರಳಿನಿಂದ ಹಿಡಿದು ಹಿಡಿಯ ಕಡೆಯಿಂದ ತುದಿಯ ಕಡೆಗೆ ಸವರಿ. ಕುಲುಮೆಯಲ್ಲಿ ಬಡಿದ ಹಳೆಯ ಅಲಗು ತುದಿಗೆ ಹೋಗುತ್ತಾ ತೆಳ್ಳಗಾಗುತ್ತದೆ. ಪ್ಲೇಟ್ ಕತ್ತರಿಸಿ ಮಾಡಿದ ಅಗ್ಗದ ಹೊಸ ಅಲಗು ತುದಿತನಕ ಒಂದೇ ದಪ್ಪ. ಇದಕ್ಕೆ ಭೂತಗನ್ನಡಿ ಬೇಡ, ಬೆರಳು ಸಾಕು. ಕೈಯಲ್ಲಿ ಹಿಡಿದಾಗಲೂ ಗೊತ್ತಾಗುತ್ತದೆ. ಹಳೆಯದು ಕೈಗೆ ಹಗುರ, ಹೊಸದು ತುದಿಭಾರ.

ಬಾಯಿಯ ಸವೆತವನ್ನೂ ನೋಡಿ. ದುಡಿದ ಕತ್ತಿ ನಡುವೆ ಸವೆಯುತ್ತದೆ, ಏಕೆಂದರೆ ಪೆಟ್ಟು ಬೀಳುವುದೂ ಸಾಣೆ ಹಿಡಿಯುವುದೂ ಅಲ್ಲೇ. ಹಿಡಿಯ ಹತ್ತಿರದ ಎರಡು ಬೆರಳಷ್ಟು ಜಾಗ ಮೊದಲಿನ ಅಗಲದಲ್ಲೇ ಉಳಿದಿರುತ್ತದೆ. ನೂರು ವರ್ಷ ಹಳೆಯದು ಅನ್ನುತ್ತಾರೆ, ಬಾಯಿ ಮಾತ್ರ ಅಚ್ಚಿನಿಂದ ಈಗ ಬಂದ ಹಾಗಿದೆ ಅಂದರೆ ಒಂದೋ ಅದು ಒರೆಯಿಂದ ಹೊರಗೆ ಬಂದೇ ಇಲ್ಲ, ಅಥವಾ ಅದಕ್ಕೆ ಅಷ್ಟು ವಯಸ್ಸಾಗಿಲ್ಲ.

ತುಕ್ಕಿನ ವಿಷಯ. ಹಳೆಯ ತುಕ್ಕು ಕಪ್ಪು ಕಂದು, ಮೈಗೆ ಅಂಟಿಕೊಂಡಿರುತ್ತದೆ, ಬೆರಳಿಗೆ ಬರುವುದಿಲ್ಲ. ಗುಳಿಗಳು ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಒರೆಯ ಬಾಯಿಯ ಹತ್ತಿರ ನೀರು ಇಳಿಯುವ ಕಡೆ ಹೆಚ್ಚು. ಆ್ಯಸಿಡ್‌ನಲ್ಲಿ ಅದ್ದಿ ಹಳೆಯದು ಮಾಡಿದ ಅಲಗಿನಲ್ಲಿ ಗುಳಿ ಎಲ್ಲ ಕಡೆ ಒಂದೇ ಸಮ, ಬಣ್ಣ ಕಿತ್ತಳೆ, ಒರೆಸಿದರೆ ಬಟ್ಟೆಗೆ ಹತ್ತುತ್ತದೆ.

ಪಾಮೋರ್ ಅಂತ ಒಂದು ಮಾತು ಕೇಳುತ್ತೀರಿ. ಬೇರೆ ಬೇರೆ ಕಬ್ಬಿಣದ ಪದರಗಳನ್ನು ಮಡಚಿ ಬಡಿದು ತಂದ ನೀರಲೆಯಂತಹ ವಿನ್ಯಾಸ. ಕ್ರಿಸ್‌ನಲ್ಲಿ ಅದು ಮಾಮೂಲು, ಗೋಲೋಕ್‌ನಲ್ಲಿ ಅಪರೂಪ. ಮನೆತನದ ಕೆಲವು ಗೋಲೋಕ್‌ಗಳಲ್ಲಿ ಇದೆ. ಆದರೆ ಆ್ಯಸಿಡ್‌ನಿಂದ ಮೇಲೆ ಬರೆದ ಸುಳ್ಳು ಪಾಮೋರ್ ಕೂಡ ಬರುತ್ತದೆ. ನಿಜವಾದದ್ದಾದರೆ ವಿನ್ಯಾಸದ ಎಳೆ ಅಲಗಿನ ಮೈಯಿಂದ ಬೆನ್ನಿನ ಮೇಲೂ ಹಾದುಹೋಗುತ್ತದೆ. ಬೆನ್ನಿನ ಅಂಚಿಗೆ ಬಂದು ನಿಂತುಹೋದರೆ ಅದು ಚಿತ್ರ. ಇನ್ನೊಂದು ಮಾತು, ಪಾಮೋರ್ ಎದ್ದು ಕಾಣಲು ಅಲ್ಲಿ ನಿಂಬೆರಸದ ಜೊತೆ ಪಾಷಾಣ ಹಚ್ಚುತ್ತಾರೆ. ವಾರಂಗಾನ್ ಅಂತ ಅದರ ಹೆಸರು. ಅಂಥ ಅಲಗು ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಗೆ ಕೊಡಬೇಡಿ. ಆ ಕೆಲಸವನ್ನು ಮನೆಯಲ್ಲಿ ಮಾಡಲು ಹೋಗಲೇಬೇಡಿ.

ಹಿಡಿ ಮತ್ತು ಒರೆ

ಜನ ಅಲಗನ್ನು ಹತ್ತು ನಿಮಿಷ ನೋಡುತ್ತಾರೆ, ಹಿಡಿಯನ್ನು ಹತ್ತು ಸೆಕೆಂಡ್. ಇದನ್ನು ತಿರುವಿಹಾಕಬೇಕು. ಅಲಗಿಗೆ ವಯಸ್ಸು ಬರಿಸುವುದಕ್ಕಿಂತ ಹಿಡಿಗೆ ವಯಸ್ಸು ಬರಿಸುವುದು ಕಷ್ಟ.

ಎಮ್ಮೆ ಕೊಂಬು ಒಣಗುತ್ತಾ ಕುಗ್ಗುತ್ತದೆ. ಹಳೆಯ ಹಿಡಿಯಲ್ಲಿ ಪದರ ಬಿಟ್ಟುಕೊಂಡ ಸಣ್ಣ ಸೀಳು ಇರುತ್ತದೆ. ಹಿಡಿ ಮತ್ತು ಅಲಗು ಸೇರುವ ಕಡೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತದೆ. ಅದರೊಳಗೆ ಬಾಲ ಹಿಡಿಸಿದ ರಾಳ ಒಣಗಿ ಪುಡಿಯಾಗಿ ಕಾಣುತ್ತದೆ. ಹೊಳೆಯುವ ಪಾರದರ್ಶಕ ಅಂಟು ಕಂಡರೆ ಅದು ಅಂಗಡಿಯ ಗಮ್, ಹಿಡಿ ಈಚೆಗೆ ಕೂರಿಸಿದ್ದು. ಹುಳ ತಿಂದ ಗುರುತು ಇದ್ದರೆ ಬೇಸರ ಬೇಡ, ಕೊಂಬನ್ನು ತಿನ್ನುವ ಹುಳ ಇದೆ. ಅದು ತಿಂದ ಗುಳಿ ಅಂಕುಡೊಂಕಾಗಿರುತ್ತದೆ. ಅಂಗೈ ಉಜ್ಜಿದ ಕಡೆ ಕೊಂಬು ಕನ್ನಡಿಯ ಹಾಗೆ ನುಣುಪು, ಕೆತ್ತನೆಯ ಸಂದಿಯಲ್ಲಿ ವರ್ಷಗಳ ಬೆವರು ಮಣ್ಣು ಕೂತು ಗಟ್ಟಿಯಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಹೊಳಪಿದ್ದರೆ ಅದು ಪಾಲಿಶ್ ಯಂತ್ರದ್ದು.

ಒರೆ ಎರಡು ಹೋಳು ಮರ. ಹಲಸು ಬಳಸುತ್ತಾರೆ. ಬೀಟೆಯೂ ಇದೆ, ಅಲ್ಲಿ ಅದಕ್ಕೆ ಸೋನೋಕೆಲಿಂಗ್ ಅನ್ನುತ್ತಾರೆ, ನಮ್ಮ ಪಶ್ಚಿಮ ಘಟ್ಟದ ಬೀಟೆಯ ಜಾತಿಯೇ ಅದು. ಅಲಗನ್ನು ಒರೆಗೆ ಹಾಕಿ ನೋಡಿ. ಕೊನೆಯ ಎರಡು ಬೆರಳಷ್ಟು ದೂರದಲ್ಲಿ ಮೆತ್ತಗೆ ಹಿಡಿದುಕೊಳ್ಳಬೇಕು. ಗಡಗಡ ಅಲುಗಾಡಿದರೆ, ಅಥವಾ ಹಿಡಿ ಒರೆಯ ಬಾಯಿಗೆ ಸರಿಯಾಗಿ ಕೂರದಿದ್ದರೆ ಒರೆ ಬೇರೆ ಗೋಲೋಕ್‌ನದು. ಆಮೇಲೆ ಅಲಗು ತೆಗೆದು ಟಾರ್ಚ್ ಹಾಕಿ ಒರೆಯ ಬಾಯೊಳಗೆ ನೋಡಿ. ವರ್ಷಗಟ್ಟಲೆ ಹಾಕಿ ತೆಗೆದರೆ ಕತ್ತಿಯ ಬಾಯಿ ತಾಗುವ ಮಗ್ಗುಲಲ್ಲಿ ಒಂದು ಗೀರು ಆಳವಾಗಿ ಬಿದ್ದಿರುತ್ತದೆ. ನನ್ನ ಬಳಿ ಇರುವ ಒಂದು ಬೆದೋಗ್‌ನ ಒರೆಯಲ್ಲಿ ಆ ಗೀರು ಕೊಂಬಿನ ಸೋಪಾಕ್ ಕೊರೆದು ಮರದತನಕ ಇಳಿದಿದೆ. ಅಲಗಿನ ಮೇಲೆ ಏನೂ ಬರೆದಿಲ್ಲ. ಆ ಗೀರೇ ನನಗೆ ಅದರ ಜಾತಕ.

ಒರೆಯ ಮಗ್ಗುಲಿನ ಮಿಡತೆ ದಿಣ್ಣೆಯ ಬೆನ್ನನ್ನೂ ಮುಟ್ಟಿ ನೋಡಿ. ದಾರ ಉಜ್ಜಿ ಉಜ್ಜಿ ಅಲ್ಲಿ ಸಣ್ಣ ತಗ್ಗು ಬಿದ್ದಿರಬೇಕು.

ಎರಡರಲ್ಲಿ ಒಂದು ಆರಿಸಬೇಕಾದಾಗ

ಹಳೆಯ ಒಳ್ಳೆಯ ಅಲಗು, ಹೊಸ ಹಿಡಿ, ಹೊಸ ಒರೆ ಒಂದು ಕಡೆ. ಸಾಧಾರಣ ಅಲಗು, ಆದರೆ ಮೂರೂ ಮೊದಲಿನವೇ, ಇದು ಇನ್ನೊಂದು ಕಡೆ. ನಾನು ಕಣ್ಣು ಮುಚ್ಚಿ ಎರಡನೆಯದನ್ನು ತೆಗೆದುಕೊಳ್ಳುತ್ತೇನೆ. ಹಳ್ಳಿಯಲ್ಲಿ ಹಿಡಿ ಮುರಿದಾಗ ಬದಲಾಯಿಸುವುದು ಸಹಜ. ಹಾಗೆ 50 ವರ್ಷದ ಹಿಂದೆ ಬದಲಾದ ಹಿಡಿಯೂ ಆ ಕತ್ತಿಯ ಬದುಕಿನ ಭಾಗವೇ, ಅದಕ್ಕೆ ಬೆಲೆ ಕಡಿಮೆ ಮಾಡಬೇಡಿ. ಮಾರುವುದಕ್ಕಾಗಿ ಹೋದ ವರ್ಷ ಹಾಕಿದ ಹಿಡಿಗೆ ಆ ಮರ್ಯಾದೆ ಬೇಕಿಲ್ಲ.

ಬರಹ ಇರುವ ಚಿಕೆರುಹ್ ಮತ್ತು ಹೆಸರಿಲ್ಲದ ಬೆದೋಗ್ ಒಂದೇ ಬೆಲೆಗೆ ಸಿಕ್ಕರೆ? ಚಿಕೆರುಹ್‌ನಲ್ಲಿ ಗೀರಿನ ತಳ ಕಪ್ಪಗಿದ್ದು, ಕಾಗುಣಿತ ಇಸವಿಗೆ ಹೊಂದಿಕೊಂಡು, ಒರೆಯ ಬಾಯಲ್ಲಿ ಸವೆತ ಇದ್ದರೆ ಅದೇ ಇರಲಿ. ಅಂಥದ್ದು ಮತ್ತೆ ಸಿಗುವುದಿಲ್ಲ. ಇವುಗಳಲ್ಲಿ ಒಂದು ತಪ್ಪಿದರೂ ಬೆದೋಗ್ ತೆಗೆದುಕೊಳ್ಳಿ.

ಇನ್ನು ತೋಟದಲ್ಲಿ ಬಳಸಲು ಬೇಕು ಅನ್ನುವವರು ಹಳೆಯದನ್ನು ಮುಟ್ಟಬೇಡಿ. ಚಿಬಾತುವಿನ ಹೊಸ ಗೋಲೋಕ್ ಕೊಳ್ಳಿ. ಗಟ್ಟಿ, ಅಗ್ಗ, ಮಾಡಿದ ಕೈಗೆ ನಾಲ್ಕು ಕಾಸು ಹೋಗುತ್ತದೆ. ನೂರು ವರ್ಷದ ಬೆಸುಗೆಯ ಅಲಗಿನಲ್ಲಿ ತೆಂಗಿನಕಾಯಿ ಒಡೆದು ಬಾಯಿ ಚಕ್ಕೆ ಎದ್ದರೆ ಅದನ್ನು ಸರಿಮಾಡುವವರು ಯಾರೂ ಇಲ್ಲ.

ಗೋಲೋಕ್ ಅಂತ ಮಾರುವ ಬೇರೆ ಕತ್ತಿಗಳು

ಆನ್‌ಲೈನ್‌ನಲ್ಲಿ ಗೋಲೋಕ್ ಅಂತ ಹುಡುಕಿದರೆ ಮೊದಲು ಬರುವುದು ಬ್ರಿಟಿಷ್ ಸೈನ್ಯದ್ದು. 1948ರಿಂದ 1960ರವರೆಗೆ ಮಲಯದ ಕಾಡುಗಳಲ್ಲಿ ನಡೆದ ಕಾಳಗದ ಹೊತ್ತಿಗೆ ಬ್ರಿಟಿಷರು ಈ ಮಾದರಿ ಹಿಡಿದರು. ಬರ್ಮಿಂಗ್‌ಹ್ಯಾಮ್‌ನ ಮಾರ್ಟಿಂಡೇಲ್ ಕಂಪನಿ ಮಾಡಿತು. ಕಾರ್ಖಾನೆಯ ಮುದ್ರೆ, ಎರಡು ಪಟ್ಟಿ ಮರ ಹಚ್ಚಿ ಮೊಳೆ ಹೊಡೆದ ಹಿಡಿ. ಒಳ್ಳೆಯ ಉಪಕರಣ, ಜಾವಾಕ್ಕೆ ಸಂಬಂಧ ಹೆಸರಿನದು ಮಾತ್ರ.

ಕೈಯನ್ನು ಕಾಯಲು ತಗಡಿನ ಬುಟ್ಟಿಯಂಥ ತಡೆ ಇದ್ದರೆ ಅದು ಕ್ಲೇವಾಂಗ್, ಡಚ್ಚರ ವಸಾಹತು ಸೈನ್ಯದ್ದು. ಅಲಗು ಗೋಲೋಕ್‌ಗಿಂತ ತುಂಬಾ ಉದ್ದ. ಬೆಂಡೋ ಮಧ್ಯ ಮತ್ತು ಪೂರ್ವ ಜಾವಾದ ಮನೆಗತ್ತಿ, ಗೋಲೋಕ್‌ನ ದಾಯಾದಿ ಅನ್ನಬಹುದು. ವೆದುಂಗ್ ಸುರಕರ್ತ, ಯೋಗ್ಯಕರ್ತ ಅರಮನೆಯವರು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದ ಅಗಲ ಅಲಗಿನ ಗಿಡ್ಡ ಕತ್ತಿ, ಮರ್ಯಾದೆಯ ಗುರುತು. ಪಾರಾಂಗ್ ಅನ್ನುವುದು ಮಲಯ ದ್ವೀಪಗಳಿಗೆಲ್ಲ ಸಾಮಾನ್ಯ ಹೆಸರು, ಅದನ್ನು ನೆಚ್ಚಿ ಏನೂ ಹೇಳಲು ಬರುವುದಿಲ್ಲ.

ಕಣ್ಣು ಪಳಗಿಸಲು ಮ್ಯೂಸಿಯಂಗಿಂತ ಒಳ್ಳೆಯ ಶಾಲೆ ಇಲ್ಲ. ಸುಮೆದಾಂಗ್‌ನ ಪ್ರಬು ಗೆಯುಸಾನ್ ಉಲುನ್ ಮ್ಯೂಸಿಯಂ, ಬಾಂಡುಂಗ್‌ನ ಶ್ರೀ ಬಡುಗಾ, ಜಕಾರ್ತದ ರಾಷ್ಟ್ರೀಯ ಮ್ಯೂಸಿಯಂಗೆ ಹೋಗಿ ಬನ್ನಿ. ಹೋಗಲಾಗದವರು ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿರುವ ವೆರೆಲ್ಡ್ ಮ್ಯೂಸಿಯಂನ ಸಂಗ್ರಹವನ್ನು ಇಂಟರ್‌ನೆಟ್‌ನಲ್ಲೇ ನೋಡಬಹುದು. 1837ರಲ್ಲಿ ಶುರುವಾದ ಸಂಗ್ರಹಾಲಯ ಅದು. ಅಲ್ಲಿ ಪ್ರತಿ ವಸ್ತು ಯಾವ ವರ್ಷ ಬಂತು ಅಂತ ದಾಖಲೆ ಇರುತ್ತದೆ. 1880ರ ದಶಕದಲ್ಲಿ ಒಳಗೆ ಬಂದ ವಸ್ತುವಿನ ವಯಸ್ಸಿನ ಬಗ್ಗೆ ಯಾರೂ ಕಥೆ ಕಟ್ಟಲಾಗದು. ಅದರ ಪಕ್ಕ ನಿಮ್ಮದರ ಫೋಟೋ ಇಟ್ಟು ಹೋಲಿಸಿ.

ತರುವುದು, ಇಟ್ಟುಕೊಳ್ಳುವುದು

ಇಂಡೋನೇಷ್ಯಾದಲ್ಲಿ 2010ರ 11ನೇ ಕಾನೂನು ಸಾಂಸ್ಕೃತಿಕ ಪರಂಪರೆಯ ವಸ್ತುಗಳನ್ನು ಕಾಯುತ್ತದೆ. 50 ವರ್ಷ ದಾಟಿದ ವಸ್ತುಗಳು ಅದರ ಅಡಿ ಬರಬಹುದು, ಅಂಥದ್ದನ್ನು ಅನುಮತಿ ಇಲ್ಲದೆ ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಇಲ್ಲಿ ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇದೆ. ಅದರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರದ ಪಟ್ಟಿಗೆ ಸೇರುತ್ತದೆ, ಮನೆಬಳಕೆ ಮತ್ತು ಕೃಷಿಗೆಂದು ಮಾಡಿದವನ್ನು ಹೊರತುಪಡಿಸಿ. ಬೆದೋಗ್ ಕೃಷಿಯದ್ದೇ, ಆದರೆ ಕಸ್ಟಮ್ಸ್ ಮೇಜಿನ ಮುಂದೆ ಆ ವಾದ ಶುರುಮಾಡುವುದು ತಡವಾಯಿತು. ಕೊಳ್ಳುವ ಮುಂಚೆಯೇ ಎರಡೂ ಕಡೆ ಬರವಣಿಗೆಯಲ್ಲಿ ಕೇಳಿ ತಿಳಿದುಕೊಳ್ಳಿ. ರಸೀದಿ, ಕಾಗದಪತ್ರ ಜೋಪಾನವಾಗಿ ಇಡಿ. ಕೈಚೀಲದಲ್ಲಿ ಹಾಕಿಕೊಂಡು ವಿಮಾನ ಹತ್ತಲು ಅಂತೂ ಸಾಧ್ಯವೇ ಇಲ್ಲ.

ಮನೆಗೆ ಬಂದ ಮೇಲೆ ನಮ್ಮವರು ಮಾಡುವ ಮೊದಲ ತಪ್ಪು ಹುಣಸೆಹಣ್ಣು ಹಚ್ಚಿ ತಿಕ್ಕುವುದು. ಹಿತ್ತಾಳೆ ಪಾತ್ರೆಗೆ ಅದು ಸರಿ. ಇಲ್ಲಿ ಅರ್ಧ ಗಂಟೆಯಲ್ಲಿ ನೂರು ವರ್ಷದ ಕಪ್ಪು ಹೊರಟುಹೋಗುತ್ತದೆ, ಜೊತೆಗೆ ನೀವು ಕೊಟ್ಟ ದುಡ್ಡೂ. ಕೊಳೆ ಇದ್ದರೆ ಹತ್ತಿಗೆ ಸೀಮೆಎಣ್ಣೆ ಮುಟ್ಟಿಸಿ ಮೆತ್ತಗೆ ಒರೆಸಿ, ಒಣಗಿಸಿ. ಆಮೇಲೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೆಳು ಪದರ. ಕೊಬ್ಬರಿಎಣ್ಣೆ ಬೇಡ, ಕಾಲ ಕಳೆದಂತೆ ಅಂಟಾಗುತ್ತದೆ. ಕೊಂಬಿನ ಹಿಡಿಗೆ ಎಣ್ಣೆಬಟ್ಟೆಯ ಒರಸು ಸಾಕು, ಬಿಸಿಲಿಗೆ ಮಾತ್ರ ಇಡಬೇಡಿ, ಸೀಳು ದೊಡ್ಡದಾಗುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯ ಮನೆಗಳಲ್ಲಿ, ಅಲಗನ್ನು ಒರೆಯಿಂದ ಹೊರಗೆ ತೆಗೆದು ಪಕ್ಕದಲ್ಲೇ ಇಡಿ. ಮರ ತೇವ ಹೀರಿಕೊಂಡು ಅಲಗಿಗೆ ಕೊಡುತ್ತದೆ. ಜೂನ್‌ನಲ್ಲಿ ಒರೆಗೆ ಹಾಕಿಟ್ಟು ಗಣೇಶ ಚೌತಿಗೆ ತೆಗೆದರೆ ಹೊಸ ತುಕ್ಕು ಕಿತ್ತಳೆ ಬಣ್ಣದಲ್ಲಿ ಕಾದಿರುತ್ತದೆ.